ಆಫೀಸಿನಲ್ಲಿ ಮಾಡಿದ ಮೇಲ್ ಫೋಲ್ಡರ್ ಮನೆ ಲ್ಯಾಪ್‌ಟಾಪ್‌ನಲ್ಲಿ ಕಾಣ್ತಿಲ್ವಾ?

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸು. ನಮ್ಮ ಪಾರ್ಟಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬರಿ ಮಂಡಿಯವರು. ಅವರ ಬಿಲ್ಲುಗಳೆಲ್ಲ ಮೇಲ್‌ನಲ್ಲಿ ಬರುತ್ತವೆ, ಒಂದೊಂದು ಪಾರ್ಟಿಗೆ ಒಂದೊಂದು ಫೋಲ್ಡರ್ ಇಟ್ಟಿದ್ದೇವೆ. ಆಫೀಸಿನಲ್ಲಿ ನನ್ನ ಮೇಜಿನ ಮೇಲೊಂದು ಕಂಪ್ಯೂಟರ್, ಕೆಲಸದ ಹುಡುಗನಿಗೊಂದು, ಮನೆಯಲ್ಲಿ ಒಂದು ಲ್ಯಾಪ್‌ಟಾಪ್. ಮೂರರಲ್ಲೂ ಮೇಲ್ ನೋಡೋದು ಥಂಡರ್‌ಬರ್ಡ್ ಅನ್ನುವ ಪ್ರೋಗ್ರಾಂನಲ್ಲಿ. ಹಿಂದಿನ ಕೋಣೆಯಲ್ಲಿ ನಾಲ್ಕನೆಯದೊಂದು ಹಳೇ ಡಬ್ಬ ಇತ್ತು, ಅದರ ಕಥೆ ಆಮೇಲೆ ಹೇಳುತ್ತೇನೆ.

ಒಂದು ತಿಂಗಳು 20ನೇ ತಾರೀಖು ರಾತ್ರಿ. ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಹಾಕಲು ಅವತ್ತೇ ಕೊನೆ ದಿನ. ಮನೆಯಲ್ಲಿ ಕೂತು ಒಂದು ಪಾರ್ಟಿಯ ಫೋಲ್ಡರ್ ಹುಡುಕಿದರೆ ಅದು ಇಲ್ಲವೇ ಇಲ್ಲ. ಹುಡುಗನಿಗೆ ಫೋನ್ ಮಾಡಿದೆ. "ಸಾರ್, ಮಧ್ಯಾಹ್ನಾನೇ ಫೋಲ್ಡರ್ ಮಾಡಿ ಹಾಕಿದೀನಿ ಸಾರ್, ನನ್ನ ಕಣ್ಣೆದುರಿಗೇ ಇತ್ತು" ಅಂದ. ಅವನು ಸುಳ್ಳು ಹೇಳುವ ಹುಡುಗನಲ್ಲ. ಒಂಬತ್ತು ಗಂಟೆಗೆ ಸ್ಕೂಟರ್ ತೆಗೆದುಕೊಂಡು ಬಿ.ಎಚ್. ರಸ್ತೆಗೆ ಬಂದು ಆಫೀಸಿನ ಬಾಗಿಲು ತೆಗೆದೆ. ಅವನ ಕಂಪ್ಯೂಟರ್‌ನಲ್ಲಿ ಫೋಲ್ಡರ್ ಇತ್ತು, ಮೇಲ್‌ಗಳೂ ಇದ್ದವು. ನನ್ನ ಮೇಜಿನ ಕಂಪ್ಯೂಟರ್‌ನಲ್ಲಿ ಮಾತ್ರ ಇರಲಿಲ್ಲ.

ಆಮೇಲೆ ಒಂದು ವಾರ ಇದರ ಹಿಂದೆ ಬಿದ್ದೆ. ನಾನು ಕಂಪ್ಯೂಟರ್ ಓದಿದವನಲ್ಲ, ಬಿಕಾಂ. ಆದರೆ ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಬರೋದಿಲ್ಲ.

ಮೊದಲು ಬ್ರೌಸರ್ ತೆಗೆಯಿರಿ

ಯಾವ ಸೆಟಿಂಗನ್ನೂ ಈಗಲೇ ಮುಟ್ಟಬೇಡಿ. ಬ್ರೌಸರ್‌ನಲ್ಲಿ ವೆಬ್‌ಮೇಲ್‌ಗೆ ಲಾಗಿನ್ ಆಗಿ. ಅಲ್ಲಿ ಕಾಣುವುದೇ ಸರ್ವರ್‌ನಲ್ಲಿರುವ, ಅಂದರೆ ಮೇಲ್ ಕಂಪನಿಯವರ ಕಂಪ್ಯೂಟರ್‌ನಲ್ಲಿರುವ, ಅಸಲಿ ಲೆಕ್ಕ. ನಿಮ್ಮ ಕಂಪ್ಯೂಟರ್‌ಗಳಲ್ಲಿ ಇರೋದು ಅದರ ನಕಲು ಅಷ್ಟೆ. ನಾವು ಕ್ಯಾಶ್ ಬುಕ್ಕನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡುತ್ತೇವಲ್ಲ, ಹಾಗೆ.

ಫೋಲ್ಡರ್ ವೆಬ್‌ಮೇಲ್‌ನಲ್ಲಿ ಇದೆ, ಮನೆ ಲ್ಯಾಪ್‌ಟಾಪ್‌ನಲ್ಲಿ ಇಲ್ಲ ಅಂದರೆ ತಪ್ಪು ಲ್ಯಾಪ್‌ಟಾಪ್‌ನದು. ವೆಬ್‌ಮೇಲ್‌ನಲ್ಲೂ ಇಲ್ಲ ಅಂದರೆ ತಪ್ಪು ಫೋಲ್ಡರ್ ಮಾಡಿದ ಕಂಪ್ಯೂಟರ್‌ನದು, ಅದು ಸರ್ವರ್‌ಗೆ ಹೋಗೇ ಇಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ನಾನು ಇದನ್ನು ಮಾಡದೆ ಸುಮ್ನೆ ಎರಡು ದಿನ ಲ್ಯಾಪ್‌ಟಾಪ್ ಮೇಲೆ ರೇಗಾಡಿದೆ. ಅದರದ್ದೇನೂ ತಪ್ಪಿರಲಿಲ್ಲ.

ಅನುಮಾನ ಇದ್ದರೆ ಒಂದೊಂದು ಕಂಪ್ಯೂಟರ್‌ನಲ್ಲೂ ಒಂದು ಖಾಲಿ ಫೋಲ್ಡರ್ ಮಾಡಿ. "ಮೇಜು", "ಹುಡುಗ", "ಮನೆ" ಅಂತ ಹೆಸರಿಡಿ. ಐದು ನಿಮಿಷ ಬಿಟ್ಟು ವೆಬ್‌ಮೇಲ್ ನೋಡಿ. ಯಾವ ಹೆಸರು ಅಲ್ಲಿ ಬಂದಿಲ್ಲವೋ ಅದೇ ಕಳ್ಳ.

ವೆಬ್‌ಮೇಲ್‌ನಲ್ಲೂ ಇಲ್ಲದಿದ್ದರೆ

ಥಂಡರ್‌ಬರ್ಡ್‌ನ ಎಡಗಡೆ ಪಟ್ಟಿಯನ್ನು ಸರಿಯಾಗಿ ನೋಡಿ. ನಿಮ್ಮ ಮೇಲ್ ವಿಳಾಸದ ಕೆಳಗೆ ಒಂದು ಗುಂಪು ಫೋಲ್ಡರ್ ಇರುತ್ತವೆ. ಇನ್ನೂ ಕೆಳಗೆ ಬಂದರೆ "ಲೋಕಲ್ ಫೋಲ್ಡರ್ಸ್" ಅಂತ ಬೇರೆ ಗುಂಪು. ಇದು ಆ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಬಿಟ್ಟು ಎಲ್ಲಿಗೂ ಹೋಗೋದಿಲ್ಲ. ನಮ್ಮ ಹುಡುಗ ಮಾಡಿದ್ದು ಇಲ್ಲೇ. ಯಾಕಪ್ಪಾ ಅಂದರೆ, "ಮೇಲ್‌ಬಾಕ್ಸ್ ತುಂಬಿದೆ ಅಂತ ಮೆಸೇಜ್ ಬಂತು ಸಾರ್, ಅದಕ್ಕೆ ಇಲ್ಲಿಗೆ ಎಳೆದು ಹಾಕಿದೆ" ಅಂದ. ನಮ್ಮ ಡೊಮೇನಿನ (ಆಫೀಸಿನ ಸ್ವಂತ ಹೆಸರಿನ ವಿಳಾಸದ) ಮೇಲ್‌ಬಾಕ್ಸ್‌ಗೆ ಇದ್ದ ಜಾಗ 1 ಜಿಬಿ. ಸ್ಕ್ಯಾನ್ ಮಾಡಿದ ಬಿಲ್ಲುಗಳಿಗೆ ಅದು ಎಲ್ಲಿ ಸಾಕಾಗುತ್ತೆ? ತಪ್ಪು ಅವನದಲ್ಲ, ಜಾಗ ತೆಗೆದುಕೊಳ್ಳದ ನನ್ನದು.

ವಾಪಸ್ ಹಾಕೋದು ಹೀಗೆ. ಮೊದಲು ಸರ್ವರ್‌ನಲ್ಲಿ ಜಾಗ ಇದೆಯಾ ನೋಡಿ. ಮೇಲ್ ವಿಳಾಸದ ಕೆಳಗೆ ಅದೇ ಹೆಸರಿನ ಫೋಲ್ಡರ್ ಮಾಡಿ. ಆಮೇಲೆ ಲೋಕಲ್ ಫೋಲ್ಡರ್‌ನಿಂದ ಮೇಲ್‌ಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, "ಕಾಪಿ ಟು" ಕೊಡಿ. "ಮೂವ್" ಬೇಡ, ಮಧ್ಯದಲ್ಲಿ ಕರೆಂಟ್ ಹೋದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ತಲೆ ಕೆಡುತ್ತದೆ. ಒಂದು ಸಲಕ್ಕೆ ಇನ್ನೂರು ಮುನ್ನೂರು ಸಾಕು. ಮುಗಿದ ಮೇಲೆ ವೆಬ್‌ಮೇಲ್‌ನಲ್ಲಿ ಎಣಿಕೆ ತಾಳೆ ನೋಡಿ. ಲೋಕಲ್ ಪ್ರತಿಯನ್ನು ಒಂದು ವಾರ ಬಿಟ್ಟು ಅಳಿಸಿದರೂ ಏನೂ ಮುಳುಗೋದಿಲ್ಲ.

ಪಾಪ್ ಎಂಬ ಹಳೇ ಪದ್ಧತಿ

ಈಗ ಹಿಂದಿನ ಕೋಣೆಯ ಡಬ್ಬದ ಕಥೆ. ಫೋಲ್ಡರ್ ಸರಿಯಾದ ಮೇಲೂ ಇನ್‌ಬಾಕ್ಸ್‌ನಲ್ಲಿ ಒಂದು ವಿಚಿತ್ರ ಉಳಿದಿತ್ತು. ಎರಡು ವಾರಕ್ಕಿಂತ ಹಳೆಯ ಮೇಲ್‌ಗಳು ಮೂರೂ ಕಂಪ್ಯೂಟರ್‌ಗಳಿಂದ ಮಾಯವಾಗುತ್ತಿದ್ದವು. ವೆಬ್‌ಮೇಲ್‌ನಿಂದಲೂ. ಫೋಲ್ಡರ್‌ಗೆ ಹಾಕಿದ್ದು ಇರುತ್ತಿತ್ತು, ಇನ್‌ಬಾಕ್ಸ್‌ನಲ್ಲಿ ಬಿಟ್ಟದ್ದು ಇಲ್ಲ.

ಮೇಲ್ ತರಿಸಿಕೊಳ್ಳಲು ಎರಡು ಪದ್ಧತಿ ಇವೆ. ಪಾಪ್ ಅನ್ನೋದು ಅಂಚೆ ಪೆಟ್ಟಿಗೆ ತೆರೆದು ಕಾಗದ ಮನೆಗೆ ತಂದ ಹಾಗೆ. ಅದು ನೋಡೋದು ಇನ್‌ಬಾಕ್ಸ್ ಒಂದನ್ನೇ, ಸರ್ವರ್‌ನ ಬೇರೆ ಫೋಲ್ಡರ್‌ಗಳು ಅದಕ್ಕೆ ಗೊತ್ತೇ ಇಲ್ಲ. ತಂದ ಮೇಲೆ ಇಷ್ಟು ದಿನ ಬಿಟ್ಟು ಪೆಟ್ಟಿಗೆಯಿಂದ ತೆಗೆದುಬಿಡು ಅಂತ ಹೇಳಿಡಬಹುದು. ಐಮ್ಯಾಪ್‌ನಲ್ಲಿ ಕಾಗದ ಸರ್ವರ್‌ನಲ್ಲೇ ಇರುತ್ತದೆ, ಫೋಲ್ಡರ್ ಸಮೇತ. ನಾವು ಎಲ್ಲಿಂದ ಬೇಕಾದರೂ ನೋಡುತ್ತೇವೆ. ಇದು ಹೊಸದೇನಲ್ಲ, ಮಾರ್ಕ್ ಕ್ರಿಸ್ಪಿನ್ ಎನ್ನುವವರು 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ರೂಪಿಸಿದ್ದು.

ಹಳೇ ಡಬ್ಬದಲ್ಲಿ ಪಾಪ್ ಇತ್ತು, ಸರ್ವರ್‌ನಲ್ಲಿ 14 ದಿನ ಇಡು ಅಂತ ಬರೆದಿತ್ತು. ಪ್ರಿಂಟ್ ತೆಗೆಯಲು ಮಾತ್ರ ಆನ್ ಮಾಡುತ್ತಿದ್ದೆವು. ಆನ್ ಆದ ಕೂಡಲೇ ಅದು ತನ್ನ ಪಾಡಿಗೆ ಹಳೇ ಮೇಲ್ ಗುಡಿಸಿ ಹಾಕುತ್ತಿತ್ತು. ಹುಡುಗ ಈಗಲೂ ಅದನ್ನು ಪಾಪದ ಅಕೌಂಟ್ ಅಂತಲೇ ಕರೆಯುತ್ತಾನೆ.

ನಿಮ್ಮಲ್ಲಿ ಯಾವುದಿದೆ ಅಂತ ನೋಡಲು ಅಕೌಂಟ್ ಸೆಟಿಂಗ್ಸ್‌ನಲ್ಲಿ ಸರ್ವರ್ ಸೆಟಿಂಗ್ಸ್ ತೆಗೆಯಿರಿ. ಮೇಲೇ ಬರೆದಿರುತ್ತದೆ. ಪೋರ್ಟ್ ನಂಬರ್ ನೋಡಿದರೂ ಗೊತ್ತಾಗುತ್ತೆ: 995 ಅಥವಾ 110 ಇದ್ದರೆ ಪಾಪ್, 993 ಅಥವಾ 143 ಇದ್ದರೆ ಐಮ್ಯಾಪ್. ಯಾರೂ ಬಳಸದ ಹಳೇ ಕಂಪ್ಯೂಟರ್, ಹಳೇ ಫೋನ್ ಯಾವುದನ್ನೂ ಬಿಡದೆ ನೋಡಿ.

ಥಂಡರ್‌ಬರ್ಡ್‌ನಲ್ಲಿ ಪಾಪ್ ಅಕೌಂಟನ್ನು ಹಾಗೇ ಐಮ್ಯಾಪ್‌ಗೆ ತಿರುಗಿಸಲು ಬರೋದಿಲ್ಲ. ಮೊದಲು ಪಾಪ್ ಅಕೌಂಟ್ ತಾನಾಗಿ ಮೇಲ್ ತರೋದನ್ನು ನಿಲ್ಲಿಸಿ. ಸರ್ವರ್‌ನಲ್ಲಿ ಇಷ್ಟೇ ದಿನ ಇಡು ಅನ್ನುವ ಟಿಕ್ ತೆಗೆಯಿರಿ. ಆಮೇಲೆ ಅದೇ ವಿಳಾಸವನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸಿ. ಪಾಪ್ ಕೆಳಗಿರುವ ಮೇಲ್‌ಗಳನ್ನು ಕಾಪಿ ಮಾಡಿ. ಎಣಿಕೆ ತಾಳೆಯಾಗುವ ತನಕ ಹಳೇ ಅಕೌಂಟ್ ತೆಗೆಯಬೇಡಿ, ಎಷ್ಟೋ ಮೇಲ್ ಅದರಲ್ಲಿ ಬಿಟ್ಟರೆ ಬೇರೆಲ್ಲೂ ಇರೋದಿಲ್ಲ. ನಮಗೆ ಅದರಿಂದ ಎರಡು ವರ್ಷದ ಬಿಲ್ಲು ವಾಪಸ್ ಸಿಕ್ಕವು.

ವೆಬ್‌ಮೇಲ್‌ನಲ್ಲಿ ಇದೆ, ಇಲ್ಲಿ ಮಾತ್ರ ಇಲ್ಲ

ಇದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಸಬ್‌ಸ್ಕ್ರೈಬ್. ಐಮ್ಯಾಪ್‌ನಲ್ಲಿ ಫೋಲ್ಡರ್ ಇದ್ದರೆ ಸಾಲದು, ಅದು ಚಂದಾ ಪಟ್ಟಿಯಲ್ಲೂ ಇರಬೇಕು. ಥಂಡರ್‌ಬರ್ಡ್ ಮಾಮೂಲಾಗಿ ಆ ಪಟ್ಟಿಯಲ್ಲಿ ಇರೋದನ್ನು ಮಾತ್ರ ತೋರಿಸುತ್ತದೆ. ಅಕೌಂಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, "ಸಬ್‌ಸ್ಕ್ರೈಬ್" ತೆಗೆದು, "ರಿಫ್ರೆಶ್" ಒತ್ತಿ, ಬೇಕಾದ ಫೋಲ್ಡರ್‌ಗೆ ಟಿಕ್ ಹಾಕಿ. ದಿನಾ ಹೊಸ ಫೋಲ್ಡರ್ ಮಾಡುವವರಾದರೆ ಈ ಗೋಜೇ ಬೇಡ. ಸರ್ವರ್ ಸೆಟಿಂಗ್ಸ್‌ನ "ಅಡ್ವಾನ್ಸ್ಡ್" ಒಳಗೆ "ಶೋ ಓನ್ಲಿ ಸಬ್‌ಸ್ಕ್ರೈಬ್ಡ್ ಫೋಲ್ಡರ್ಸ್" ಟಿಕ್ ತೆಗೆದು ಪ್ರೋಗ್ರಾಂ ಮುಚ್ಚಿ ತೆರೆಯಿರಿ. ನಾನು ಮೂರರಲ್ಲೂ ಹಾಗೇ ಮಾಡಿದ್ದೇನೆ. ಔಟ್‌ಲುಕ್‌ನವರಿಗೆ ಇದು ಅಕೌಂಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ "ಐಮ್ಯಾಪ್ ಫೋಲ್ಡರ್ಸ್" ಅಂತ ಸಿಗುತ್ತದೆ. ಜಿಮೇಲ್ ಆದರೆ ಬ್ರೌಸರ್‌ನಲ್ಲಿ ಸೆಟಿಂಗ್ಸ್‌ನ "ಲೇಬಲ್ಸ್" ಪುಟ ನೋಡಿ. ಪ್ರತಿ ಲೇಬಲ್ ಎದುರಿಗೂ "ಶೋ ಇನ್ ಐಮ್ಯಾಪ್" ಅಂತ ಟಿಕ್ ಇರುತ್ತದೆ. ಅದು ಇಲ್ಲದಿದ್ದರೆ ನೀವು ಕಂಪ್ಯೂಟರ್‌ನಲ್ಲಿ ಏನು ಮಾಡಿದರೂ ಅದು ಬರೋದಿಲ್ಲ.

ಹೆಸರಿಡುವುದರಲ್ಲೂ ಎರಡು ತೊಡಕು ಇವೆ. ನಾನು ಹಣಕಾಸು ವರ್ಷಕ್ಕೆ "23.24" ಅಂತ ಫೋಲ್ಡರ್ ಮಾಡುತ್ತಿದ್ದೆ. ನಮ್ಮ ಸರ್ವರ್‌ಗೆ ಚುಕ್ಕಿ ಅಂದರೆ ಫೋಲ್ಡರ್ ಒಳಗಿನ ಫೋಲ್ಡರ್. ಹಾಗಾಗಿ "23" ಅಂತ ಒಂದು, ಅದರ ಹೊಟ್ಟೆಯಲ್ಲಿ "24" ಅಂತ ಇನ್ನೊಂದು ಆಗಿ ಕೂತಿತ್ತು. ಬೇರೆ ಸರ್ವರ್‌ಗಳಲ್ಲಿ ಓರೆಗೆರೆ (/) ಇದೇ ಕೆಲಸ ಮಾಡುತ್ತದೆ. ಅಡ್ಡಗೆರೆ ಹಾಕಿ "23-24" ಅಂತ ಬರೆಯಿರಿ, ತೊಂದರೆ ಇಲ್ಲ.

ಎರಡನೆಯದು ಕನ್ನಡದ ಹೆಸರು. ಒಮ್ಮೆ ಹೋಸ್ಟಿಂಗ್‌ನ, ಅಂದರೆ ನಮಗೆ ಸರ್ವರ್ ಬಾಡಿಗೆ ಕೊಟ್ಟವರ, ಫೈಲ್ ಮ್ಯಾನೇಜರ್ ತೆಗೆದು ಸರ್ವರ್‌ನ ಒಳಗೆ ನೋಡಿದೆ. ಆಂಪರ್ಸೆಂಡ್ (&) ಗುರುತಿನಿಂದ ಶುರುವಾಗಿ ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಕಲಸಿದ ಫೋಲ್ಡರ್‌ಗಳು ಒಂದು ರಾಶಿ ಇದ್ದವು. ವೈರಸ್ ಅಂದುಕೊಂಡು ಡಿಲೀಟ್ ಒತ್ತುವುದರಲ್ಲಿದ್ದೆ. ಅವೆಲ್ಲ ನಮ್ಮ "ರಶೀದಿ", "ಬಾಕಿ", "ಬಾಡಿಗೆ" ಫೋಲ್ಡರ್‌ಗಳೇ! ಐಮ್ಯಾಪ್‌ನ ಹಳೇ ನಿಯಮದ ಪ್ರಕಾರ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳ ಒಂದು ಗುಪ್ತಲಿಪಿಗೆ ತಿರುಗಿಸಿ ಇಡುತ್ತಾರೆ. ಬರೀ "ಕ" ಅಂತ ಹೆಸರಿಟ್ಟರೆ ಅದು ಒಳಗೆ ಡಿ, ಜೆ, ಯು ಆಗುತ್ತದೆ. "ರಶೀದಿ" ಅಂದರೆ ಹದಿನಾಲ್ಕು ಅಕ್ಷರ. ಕನ್ನಡದಿಂದ ಶುರುವಾಗುವ ಹೆಸರೆಲ್ಲ ಆಂಪರ್ಸೆಂಡ್ ಆದ ಮೇಲೆ ಡಿ ಅಕ್ಷರದಿಂದಲೇ ಹೊರಡುತ್ತವೆ, ಅದೇ ಗುರುತು. ಥಂಡರ್‌ಬರ್ಡ್ ಅದನ್ನು ಬಿಡಿಸಿ ಕನ್ನಡದಲ್ಲೇ ತೋರಿಸುತ್ತದೆ. 2021ರಲ್ಲಿ ಬಂದ ಐಮ್ಯಾಪ್‌ನ ಹೊಸ ಆವೃತ್ತಿಯಲ್ಲಿ ಈ ಗುಪ್ತಲಿಪಿ ಬೇಕಾಗಿಲ್ಲ. ನಾನು ಕನ್ನಡದ ಹೆಸರು ಬಿಟ್ಟಿಲ್ಲ. ಸರ್ವರ್‌ನ ಒಳಕ್ಕೆ ಕೈ ಹಾಕೋದನ್ನು ಬಿಟ್ಟಿದ್ದೇನೆ.

ಫೋಲ್ಡರ್ ಇದೆ, ಒಳಗೆ ಮೇಲ್ ಕಮ್ಮಿ

ಎಡಗಡೆ ತುದಿಯಲ್ಲಿ ಕೆಳಗಿನ ಸಣ್ಣ ಚಿಹ್ನೆ ಆಫ್‌ಲೈನ್ ಅಂತಿದೆಯಾ ನೋಡಿ. ನಗಬೇಡಿ, ನಮ್ಮಲ್ಲಿ ಒಂದಿಡೀ ದಿನ ಹಾಗಿತ್ತು. ಅದು ಸರಿ ಇದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, "ರಿಪೇರ್ ಫೋಲ್ಡರ್". ಇದು ಪಟ್ಟಿಯನ್ನು ಸರ್ವರ್ ನೋಡಿ ಹೊಸದಾಗಿ ಬರೆಯುತ್ತದೆ. ಔಟ್‌ಲುಕ್‌ನಲ್ಲಿ ಎಷ್ಟು ತಿಂಗಳ ಮೇಲ್ ಕಂಪ್ಯೂಟರ್‌ನಲ್ಲಿ ಇಡಬೇಕು ಅನ್ನೋ ಸೆಟಿಂಗ್ ಇದೆ. ಅದು ಒಂದು ವರ್ಷ ಅಂತಿದ್ದರೆ ಹಳೆಯದು ಕಾಣೋದಿಲ್ಲ.

ಸರ್ವರ್‌ನಲ್ಲೇ ಫಿಲ್ಟರ್ ಹಾಕಿ ಮೇಲ್ ನೇರ ಫೋಲ್ಡರ್‌ಗೆ ಬೀಳುವ ಹಾಗೆ ಮಾಡಿದ್ದರೆ ಇನ್ನೊಂದು ತಮಾಷೆ. ಥಂಡರ್‌ಬರ್ಡ್ ಇನ್‌ಬಾಕ್ಸನ್ನು ನೋಡುತ್ತಿರುತ್ತದೆ, ಬೇರೆ ಫೋಲ್ಡರ್‌ಗಳನ್ನು ನಾವು ಕ್ಲಿಕ್ ಮಾಡಿದಾಗಲೇ ನೋಡೋದು. ಅದೇ ಪ್ರಾಪರ್ಟೀಸ್‌ನಲ್ಲಿ ಈ ಫೋಲ್ಡರನ್ನೂ ಪ್ರತಿ ಸಲ ನೋಡು ಅನ್ನುವ ಟಿಕ್ ಇದೆ, ಹಾಕಿ. ಹಾಗಂತ ಫಿಲ್ಟರನ್ನು ಎರಡು ಕಂಪ್ಯೂಟರ್‌ಗಳಲ್ಲಿ ಹಾಕಬೇಡಿ. ಅವು ಆಯಾ ಕಂಪ್ಯೂಟರ್‌ನಲ್ಲೇ ಇರುತ್ತವೆ, ಒಂದಕ್ಕೊಂದು ತಿಳಿಯೋದಿಲ್ಲ. ಒಂದು ಅಲ್ಲಿಗೆ ಎಳೆದರೆ ಇನ್ನೊಂದು ಇಲ್ಲಿಗೆ ಎಳೆಯುತ್ತದೆ. ಫಿಲ್ಟರ್ ಅಂದರೆ ವೆಬ್‌ಮೇಲ್‌ನಲ್ಲೇ.

ಜಿಮೇಲ್‌ನಲ್ಲಿ ಆಗಾಗ ಸಿಂಕ್ (ಸರ್ವರ್ ಜೊತೆ ತಾಳೆ ಮಾಡಿಕೊಳ್ಳೋದು) ನಿಂತು, ಒಂದು ಕಂಪ್ಯೂಟರ್ ಮುಚ್ಚಿದರೆ ಇನ್ನೊಂದು ಸರಿಹೋಗುತ್ತಾ? ಒಂದು ಸಣ್ಣ ಲೆಕ್ಕ ಮಾಡಿ. ಜಿಮೇಲ್ ಒಂದು ಅಕೌಂಟ್‌ಗೆ ಒಟ್ಟಿಗೆ 15 ಐಮ್ಯಾಪ್ ಸಂಪರ್ಕ ಬಿಡುತ್ತದೆ. ಥಂಡರ್‌ಬರ್ಡ್ ಒಂದೇ ಅಕೌಂಟ್‌ಗೆ 5ರ ತನಕ ತೆಗೆದುಕೊಳ್ಳುತ್ತದೆ. ಮೂರು ಕಂಪ್ಯೂಟರ್, ಐದೈದು, ಅಲ್ಲಿಗೇ 15 ಮುಗಿಯಿತು. ಫೋನಿನ ಮೇಲ್ ಆ್ಯಪ್ ಐಮ್ಯಾಪ್‌ನಲ್ಲಿ ಬಂದರೆ ಜಾಗ ಎಲ್ಲಿದೆ? ಸರ್ವರ್ ಸೆಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಆ 5 ಅನ್ನು 2 ಮಾಡಿ. ನಮ್ಮಲ್ಲಿ ಅವತ್ತಿನಿಂದ ಆ ರಗಳೆ ನಿಂತಿದೆ.

ಕಳಿಸಿದ ಮೇಲ್ ಒಂದೊಂದು ಕಡೆ ಒಂದೊಂದು ಫೋಲ್ಡರ್‌ನಲ್ಲಿ ಬೀಳುತ್ತಿದ್ದರೆ ಅಕೌಂಟ್ ಸೆಟಿಂಗ್ಸ್‌ನ "ಕಾಪೀಸ್ ಅಂಡ್ ಫೋಲ್ಡರ್ಸ್" ನೋಡಿ, ಎಲ್ಲದರಲ್ಲೂ ಸರ್ವರ್‌ನ ಒಂದೇ "ಸೆಂಟ್" ಆರಿಸಿ.

ಇನ್ನು, ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನೇ (ಅದರ ಮೇಲ್, ಸೆಟಿಂಗ್ ಎಲ್ಲ ಕಂಪ್ಯೂಟರ್‌ನಲ್ಲಿ ಇರುವ ಜಾಗ) ಗೂಗಲ್ ಡ್ರೈವ್‌ಗೋ ಡ್ರಾಪ್‌ಬಾಕ್ಸ್‌ಗೋ ಹಾಕಿ ಎಲ್ಲ ಕಂಪ್ಯೂಟರ್‌ಗಳಿಂದ ತೆರೆಯಿರಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಎರಡು ಕಡೆ ಒಟ್ಟಿಗೆ ತೆರೆದರೆ ಫೈಲ್ ಕೆಡುತ್ತದೆ.

ಈಗ ನಮ್ಮ ಮೂರೂ ಕಂಪ್ಯೂಟರ್ ಒಂದೇ ಥರ ತೋರಿಸುತ್ತವೆ. ಅದರಿಂದ ಹೊಸದೊಂದು ಪೇಚು. ಹುಡುಗ ಓದಿದ ಮೇಲ್ ನನ್ನಲ್ಲೂ ಓದಿದ್ದು ಅಂತ ಬರುತ್ತದೆ, ನಾನು ನೋಡೇ ಇರೋದಿಲ್ಲ. ಅದಕ್ಕೆ ನಕ್ಷತ್ರ ಹಾಕುವ ರೂಢಿ ಮಾಡಿದ್ದೇವೆ: ನಾನು ನೋಡಬೇಕಾದ್ದಕ್ಕೆ ಅವನು ನಕ್ಷತ್ರ ಹಾಕುತ್ತಾನೆ, ನೋಡಿದ ಮೇಲೆ ನಾನು ತೆಗೆಯುತ್ತೇನೆ. ಅವನು ಅಳಿಸಿದರೆ ನನ್ನಲ್ಲೂ ಅಳಿಯುತ್ತದೆ, ಮನೆಯಲ್ಲೂ. ಹಾಗಾಗಿ ತಿಂಗಳಿಗೊಮ್ಮೆ, 3ಬಿ ಗಲಾಟೆ ಮುಗಿದ ಮಾರನೇ ದಿನ, ಥಂಡರ್‌ಬರ್ಡ್ ಮುಚ್ಚಿ ಅದರ ಪ್ರೊಫೈಲ್ ಫೋಲ್ಡರನ್ನು ಒಂದು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ತಾರೀಖು ಬರೆದು ಬೀರುವಿನಲ್ಲಿ ಇಡುತ್ತೇನೆ.