ತಿಂಗಳಿಗೆ ಎಷ್ಟು ಕೆಜಿ ಇಳಿಯಬಹುದು? ನಾನು ಹಾಕಿದ ಲೆಕ್ಕ

ವಿಜಯಪುರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ನನ್ನ ತೂಕ 82 ಕೆಜಿ ಇತ್ತು. ಎತ್ತರ 158 ಸೆಂಟಿಮೀಟರ್. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಗಡಿಗೆ ಬಂದು ನಿಂತಿತ್ತು. ಡಾಕ್ಟರು ರಿಪೋರ್ಟ್ ನೋಡಿ, "ಅಕ್ಕೋರ, ಆರು ತಿಂಗಳದಾಗ ಆರು ಕೆಜಿ ಇಳಸ್ರಿ, ಸದ್ಯಕ್ಕ ಅಷ್ಟ ಸಾಕು" ಅಂದರು. ನನ್ನ ಮನಸ್ಸಿನಲ್ಲಿ ಇದ್ದದ್ದು 60. ಮದುವೆ ಹೊತ್ತಿನ ತೂಕ. 22 ಕೆಜಿ ಎಲ್ಲಿ, 6 ಕೆಜಿ ಎಲ್ಲಿ? ಡಾಕ್ಟರು ಇಷ್ಟು ಕಡಿಮೆ ಯಾಕೆ ಹೇಳಿದರು ಅಂತ ತಿಳಿಯದೆ ಶುರು ಮಾಡಲು ಮನಸ್ಸು ಒಪ್ಪಲಿಲ್ಲ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಪೆನ್ನು ಹಿಡಿದು ಕೂತೆ.

ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನನ್ನ ವಯಸ್ಸು, ತೂಕ, ಓಡಾಟ ಎಲ್ಲ ಸೇರಿಸಿದರೆ ನನ್ನ ಮೈ ದಿನಕ್ಕೆ ಹೆಚ್ಚುಕಡಿಮೆ 2,000 ಕ್ಯಾಲೊರಿ ಖರ್ಚು ಮಾಡುತ್ತಿತ್ತು. ಊರಲ್ಲಿ ಗೋಡೆ ಮೇಲೆ, ಮೊಬೈಲಿನಲ್ಲಿ "ಒಂದು ತಿಂಗಳಲ್ಲಿ 10 ಕೆಜಿ" ಅಂತ ಜಾಹೀರಾತು ನೋಡಿರುತ್ತೀರಿ. ಲೆಕ್ಕ ಹಾಕಿ ನೋಡಿ. 10 ಕೆಜಿ ಕೊಬ್ಬು ಅಂದರೆ 77,000 ಕ್ಯಾಲೊರಿ. 30 ದಿನಕ್ಕೆ ಹಂಚಿದರೆ ದಿನಕ್ಕೆ 2,566. ಅಂದರೆ ತಿಂಗಳಿಡೀ ಒಂದು ತುತ್ತೂ ತಿನ್ನದೆ ಕೂತರೂ ನನ್ನ ಮೈಯಿಂದ 10 ಕೆಜಿ ಕೊಬ್ಬು ಕರಗುವುದಿಲ್ಲ. ತಕ್ಕಡಿಯಲ್ಲಿ ಅಷ್ಟು ಇಳಿದದ್ದು ಯಾರಿಗಾದರೂ ಕಂಡಿದ್ದರೆ ಅದರಲ್ಲಿ ನೀರೂ ಹೋಗಿರುತ್ತದೆ, ಮಾಂಸಖಂಡವೂ ಹೋಗಿರುತ್ತದೆ.

ವಾರಕ್ಕೆ ಒಂದು ಕೆಜಿ ಇಳಿಸಬೇಕು ಅಂದರೂ ದಿನಕ್ಕೆ 1,100 ಕ್ಯಾಲೊರಿ ಕಡಿಮೆ ಮಾಡಬೇಕು. ನನಗೆ ಉಳಿಯುವುದು 900. ಅಷ್ಟರಲ್ಲಿ ಮನೆಗೆಲಸ ಮಾಡಿ, ಶಾಲೆಯಲ್ಲಿ ಒಂದರ ಮೇಲೊಂದು ಪೀರಿಯಡ್ ನಿಂತು ಪಾಠ ಮಾಡೋದು ಆಗದ ಮಾತು. ಡಾಕ್ಟರ ಕಣ್ಣೆದುರು ಇಲ್ಲದೆ ಅಷ್ಟು ಕಡಿಮೆ ತಿನ್ನಲೂಬಾರದು. ತೀರಾ ಬೇಗ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆಯೂ ಜಾಸ್ತಿ. ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ ಅಂತ ಎಲ್ಲ ಕಡೆ ಹೇಳುತ್ತಾರಲ್ವಾ, ಅದರಲ್ಲಿ ಒಂದು ಕೆಜಿ ಅನ್ನುವುದು 110 ಕೆಜಿ ತೂಗುವ ಗಂಡಸಿಗೆ ಸರಿ ಹೋಗಬಹುದು. ನನಗೆ ಅರ್ಧ ಕೆಜಿಯೇ ಮೇಲಿನ ಮಿತಿ. ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ಒಂದರಿಂದ ಒಂದೂವರೆ ಕೆಜಿ ಅಂತ ಬರೆದುಕೊಂಡೆ. ಡಾಕ್ಟರು ಹೇಳಿದ 6 ಸರಿಯಾಗಿ ಅಲ್ಲಿಗೇ ಬಂತು.

ಆ 6 ಕೆಜಿ ಸಣ್ಣದೂ ಅಲ್ಲ. 2002ರಲ್ಲಿ ಅಮೆರಿಕದಲ್ಲಿ ಮಧುಮೇಹ ತಡೆಯುವ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಸಕ್ಕರೆ ಗಡಿಯಲ್ಲಿದ್ದವರಿಗೆ ಅಲ್ಲಿ ಕೊಟ್ಟ ಗುರಿ ಎರಡೇ: ತೂಕದಲ್ಲಿ 7 ಶೇಕಡಾ ಇಳಿಸಿ, ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ ಮಾಡಿ. ಬರೀ ಹುಸಿ ಮಾತ್ರೆ ಕೊಟ್ಟ ಗುಂಪಿಗೆ ಹೋಲಿಸಿದರೆ, ಈ ಗುರಿ ಪಡೆದ ಗುಂಪಿನಲ್ಲಿ ಮಧುಮೇಹಕ್ಕೆ ಜಾರಿದವರು ಸುಮಾರು ಮೂರು ವರ್ಷದಲ್ಲಿ 58 ಶೇಕಡಾ ಕಡಿಮೆ. 82ರ 7 ಶೇಕಡಾ ಅಂದರೆ 5.74. ಇದನ್ನು ನೋಡಿದ ಮೇಲೆ 60ರ ಆಸೆ ಪಕ್ಕಕ್ಕಿಟ್ಟೆ.

ನನ್ನಂಥ ಆಸೆ ಎಲ್ಲರಿಗೂ ಇರುತ್ತದೆ. 1997ರಲ್ಲಿ ಅಮೆರಿಕದ ಸಂಶೋಧಕ ಗ್ಯಾರಿ ಫಾಸ್ಟರ್ ಮತ್ತು ಅವರ ಜೊತೆಗಾರರು ತೂಕ ಇಳಿಸುವ ಚಿಕಿತ್ಸೆಗೆ ಬಂದ 60 ಮಂದಿ ಹೆಂಗಸರನ್ನು ಮೊದಲೇ ಕೇಳಿದ್ದರು, ಎಷ್ಟು ಇಳಿಸಬೇಕು ಅಂತ. ಸರಾಸರಿ ಉತ್ತರ ಮೈತೂಕದ 32 ಶೇಕಡಾ. 17 ಕೆಜಿ ಇಳಿದರೆ ಬೇಜಾರೇ ಆಗುತ್ತದೆ ಅಂದಿದ್ದರು. 48 ವಾರದ ಚಿಕಿತ್ಸೆ ಮುಗಿದಾಗ ಇಳಿದದ್ದು ಸರಾಸರಿ 16 ಕೆಜಿ. ಇಷ್ಟೊಂದು ಇಳಿಸಿದ ಮೇಲೂ ಮನಸ್ಸಿಗೆ ಸೋಲು ಅನ್ನಿಸಿದರೆ, ಆ ತೂಕವನ್ನು ಕಾಯ್ದುಕೊಂಡು ಹೋಗಲು ಹುಮ್ಮಸ್ಸು ಎಲ್ಲಿಂದ ಬರಬೇಕು? ನನಗೆ ಇದನ್ನು ಓದಿ ನಿಜಕ್ಕೂ ಸಂಕಟವಾಯಿತು.

ಊಟದಲ್ಲಿ ಮಾಡಿದ ಬದಲಾವಣೆ ಸಾದಾ. ಜೋಳದ ರೊಟ್ಟಿ ಬಿಡಲಿಲ್ಲ. ಮೂರು ಇದ್ದದ್ದು ಎರಡಾಯಿತು. ಮಡಕಿಕಾಳು, ಹೆಸರುಕಾಳಿನ ಪಲ್ಯ ಜಾಸ್ತಿ ಆಯಿತು. ಹಸಿ ಮೆಂತ್ಯ, ಹಕ್ಕರಕಿ, ಸೌತೆಕಾಯಿ ಮೊದಲೇ ಇದ್ದವು, ಅವನ್ನು ಇನ್ನಷ್ಟು ಹಾಕಿಕೊಂಡೆ. ದೊಡ್ಡ ವ್ಯತ್ಯಾಸ ಬಂದದ್ದು ಎಣ್ಣೆಯಲ್ಲಿ. ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ನಡುವೆ ಕುಣಿ ಮಾಡಿ ಹಸಿ ಎಣ್ಣೆ ಸುರಿದುಕೊಳ್ಳುವ ರೂಢಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ಶೇಂಗಾದಲ್ಲೇ ಅರ್ಧದಷ್ಟು ಎಣ್ಣೆ ಇದೆ, ಅದರ ಮೇಲೆ ಮತ್ತೆ ಎಣ್ಣೆ. ನಾನು ಎಣ್ಣೆ ಬದಲು ಗಟ್ಟಿ ಮೊಸರು ಹಾಕಿಕೊಂಡೆ. ಎರಡು ಹೊತ್ತಿನ ಊಟಕ್ಕೆ 240 ಕ್ಯಾಲೊರಿ ಅಲ್ಲೇ ಉಳಿಯಿತು. "ಎಣ್ಣಿ ಇಲ್ದ ಹಿಂಡಿ ಗಂಟಲಾಗ ಹ್ಯಾಂಗ ಇಳಿತೈತವ್ವಾ" ಅಂತ ಅತ್ತೆ ಮರುಗುತ್ತಿದ್ದರು. ಈಗ ಅವರಿಗೂ ಮೊಸರೇ ರುಚಿ.

ಮೊದಲ ವಾರ ತಕ್ಕಡಿ ಸರ್ರನೆ ಎರಡು ಕೆಜಿ ಹತ್ತಿರ ಇಳಿಯಿತು. ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಊಟ ಕಡಿಮೆಯಾದಾಗ ಮೈ ಮೊದಲು ಗ್ಲೈಕೋಜನ್, ಅಂದರೆ ತಾನು ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು, ಖರ್ಚು ಮಾಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ಆ ವೇಗವೇ ಮುಂದೆಯೂ ಇರುತ್ತದೆ ಅಂದುಕೊಂಡವರು ಮೂರನೇ ವಾರಕ್ಕೆ ಕೈಬಿಡುತ್ತಾರೆ. ನಾನು ಗ್ರಾಫ್ ಹಾಳೆಯಲ್ಲಿ ಮೊದಲ ಚುಕ್ಕೆ ಇಟ್ಟದ್ದೇ ಎರಡನೇ ವಾರದ ಕೊನೆಗೆ.

ತೂಗುವುದಕ್ಕೂ ಒಂದು ಕ್ರಮ ಬೇಕು. ಬೆಳಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮುಂಚೆ. ನಮ್ಮ ಮನೆಗೆ ಹಾಸಿರುವುದು ಪರಸಿ. ಕಲ್ಲು ಒಂದು ಕಡೆ ಏರು, ಒಂದು ಕಡೆ ತಗ್ಗು. ತಕ್ಕಡಿ ಅರ್ಧ ಮೊಳ ಸರಿಸಿದರೆ ಅಂಕಿ ಬದಲಾಗುತ್ತಿತ್ತು. ದೇವರ ಮನೆ ಬಾಗಿಲ ಹತ್ತಿರ ಸಮನಾದ ಒಂದು ಕಲ್ಲು ಹುಡುಕಿ, ತಕ್ಕಡಿಯ ನಾಲ್ಕು ಕಾಲಿಗೆ ಸುಣ್ಣದಕಡ್ಡಿಯಿಂದ ಗುರುತು ಹಾಕಿದೆ. ದಿನಾ ಅಲ್ಲೇ ತೂಗಿ ಬರೆದಿಟ್ಟು, ವಾರಕ್ಕೊಮ್ಮೆ ಸರಾಸರಿ ತೆಗೆಯುತ್ತಿದ್ದೆ. ಗ್ರಾಫಿಗೆ ಹೋಗುತ್ತಿದ್ದದ್ದು ಸರಾಸರಿ ಮಾತ್ರ. ದಿನದ ಅಂಕಿ ಒಂದೆರಡು ಕೆಜಿ ಹಿಂದೆ ಮುಂದೆ ಆಡುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಹೆಂಗಸರು ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸುವುದಕ್ಕಿಂತ, ಹೋದ ತಿಂಗಳ ಇದೇ ವಾರದ ಜೊತೆ ಹೋಲಿಸುವುದು ಒಳ್ಳೆಯದು.

ಎಳ್ಳಮಾವಾಸ್ಯೆ ಬಂತು. ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಹಾಕಲು, ತವರಿನ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಹೊಲದಲ್ಲಿ ಕೂತು ಉಣ್ಣುವಾಗ ಲೆಕ್ಕ ಇಡಬಾರದು ಅಂತ ನನ್ನ ಅಭಿಪ್ರಾಯ. ಮಾರನೇ ದಿನ ತಕ್ಕಡಿ ಒಂದೂವರೆ ಕೆಜಿ ಮೇಲೆ. ಅಷ್ಟು ಕೊಬ್ಬು ಸೇರಬೇಕಾದರೆ ದಿನದ ಊಟದ ಮೇಲೆ 11,550 ಕ್ಯಾಲೊರಿ ಜಾಸ್ತಿ ತಿಂದಿರಬೇಕು. ಹಬ್ಬದಲ್ಲಿ ಎಷ್ಟು ಉಂಡರೂ ಅದು ಆಗುವುದಿಲ್ಲ. ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿರುವ ಊಟ, ತುಂಬಿಕೊಂಡ ಗ್ಲೈಕೋಜನ್, ಇಷ್ಟೇ. ವಾರ ತುಂಬುವಷ್ಟರಲ್ಲಿ ತಾನಾಗಿ ಇಳಿಯಿತು.

ಆರು ತಿಂಗಳಿಗೆ 76ರ ಹತ್ತಿರ ಬಂದೆ. ಆಮೇಲೆ ಗೆರೆ ಬಾಗಿತು. ಶಾಲೆಯಲ್ಲಿ ತ್ರೈರಾಶಿ ಕಲಿಸುವ ನಮಗೆ ಸರಳರೇಖೆ ಅಭ್ಯಾಸ. ಆರು ತಿಂಗಳಿಗೆ ಆರು ಅಂದರೆ ವರ್ಷಕ್ಕೆ ಹನ್ನೆರಡು ಅನ್ನುತ್ತೇವೆ. ಆದರೆ ಮೈ ಹಗುರಾದ ಹಾಗೆ ಅದರ ದಿನದ ಖರ್ಚೂ ಇಳಿಯುತ್ತದೆ. ಕೆವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ತಂಡ 2011ರಲ್ಲಿ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ದಿನಕ್ಕೆ ಸುಮಾರು 24 ಕ್ಯಾಲೊರಿ ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕೆಜಿ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ ಬೇಕು, 95 ಶೇಕಡಾ ಇಳಿಯಲು ಮೂರು ವರ್ಷ. ಹಿಂಡಿಯ ಎಣ್ಣೆಯಲ್ಲಿ ಉಳಿಸಿದ 240ರಿಂದಲೇ ನನಗೆ 10 ಕೆಜಿ ಸಿಗಬಹುದು, ಆದರೆ ಮೊದಲ ವರ್ಷ ಅದರಲ್ಲಿ ಐದೇ. ಇದನ್ನು ತಿಳಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಗ್ರಾಫಿನ ಮೇಲೆ ಆ ಬಾಗಿದ ಗೆರೆಯನ್ನೇ ಪೆನ್ಸಿಲಿನಲ್ಲಿ ಮೊದಲೇ ಎಳೆದಿಟ್ಟೆ. ನನ್ನ ಚುಕ್ಕೆಗಳು ಅದರ ಆಚೆ ಈಚೆ ಬೀಳುತ್ತ ಹೋದವು.

ಬೇಸಿಗೆಯಲ್ಲಿ ಗೆರೆ ಪೂರ್ತಿ ನಿಂತೇಬಿಟ್ಟಿತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ. ಗೋಲಗುಮ್ಮಟದ ಕಡೆ ನಡೆಯುತ್ತಿದ್ದದ್ದು ಬೆಳಗ್ಗೆ ಆರರೊಳಗೆ ಮುಗಿಸಬೇಕು, ಸಂಜೆ ನಡಿಗೆ ಬಂದ್. ಓಣಿಯಲ್ಲಿ ಒಬ್ಬರು, "ಏನ್ರೀ ಅಕ್ಕೋರ, ದಿನಾ ತಿರಗ್ಯಾಡತೀರಿ, ಮೈ ಇದ್ದಷ್ಟ ಐತಲ್ರಿ?" ಅಂತ ಕೇಳಿಯೇಬಿಟ್ಟರು. ಆಗ ನನ್ನ ಕೈಗೆ ಬಂದದ್ದು ಟೇಪು. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಮೊದಲು 98 ಸೆಂಟಿಮೀಟರ್ ಇತ್ತು. ತಕ್ಕಡಿ ನಿಂತ ಆ ದಿನಗಳಲ್ಲೂ ಅದು 91ಕ್ಕೆ ಇಳಿದಿತ್ತು. ನಮ್ಮ ಹೆಂಗಸರಿಗೆ 80ರೊಳಗೆ ಇರಬೇಕು ಅನ್ನುತ್ತಾರೆ, ಅದಿನ್ನೂ ದೂರ. ಆದರೆ ಡಾಕ್ಟರು ನೋಡುವ ಸಕ್ಕರೆಗೂ ಬಿಪಿಗೂ ಹೊಟ್ಟೆಯ ಕೊಬ್ಬು ಮುಖ್ಯ. ಹಾಗಾಗಿ ಊಟವನ್ನು ಇನ್ನೂ ಕತ್ತರಿಸಲಿಲ್ಲ. ಕುರ್ಚಿ ಹಿಡಿದು ಕೂತು ಏಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಇವನ್ನು ಮನೆಯೊಳಗೇ ಫ್ಯಾನ್ ಕೆಳಗೆ ಶುರು ಮಾಡಿದೆ. ಮಾಂಸಖಂಡ ಉಳಿಯಬೇಕಲ್ವಾ. ಜೂನ್ ಮಳೆ ಬಿದ್ದ ಮೇಲೆ ಗೆರೆ ಮತ್ತೆ ನಿಧಾನಕ್ಕೆ ಕೆಳಗೆ ಹೊರಟಿತು.

ವರ್ಷ ತುಂಬಿದಾಗ 74. ಈಗ 72ರ ಆಸುಪಾಸು. ಎರಡನೇ ವರ್ಷದಲ್ಲಿ ಇಳಿದದ್ದು ಎರಡೇ ಕೆಜಿ, ಆದರೆ ಗೆರೆ ಬಾಗುತ್ತದೆ ಅಂತ ಮೊದಲೇ ಗೊತ್ತಿತ್ತು. ಸಕ್ಕರೆ ಗಡಿಯ ಒಳಗೆ ಬಂದಿದೆ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಟೀಚರು ಬಂದು ಪಕ್ಕ ಕೂತರು. ಮಗಳ ಮದುವೆ ಮೂರು ತಿಂಗಳಿದೆ, 15 ಕೆಜಿ ಇಳಿಸಬೇಕು, ಏನು ತಿನ್ನಲಿ ಹೇಳ್ರಿ ಅಂದರು. ತಿನ್ನೋದು ಆಮೇಲೆ, ಮೊದಲು ಲೆಕ್ಕ ಅಂತ ಇಬ್ಬರೂ ಹಾಳೆ ಹಿಡಿದು ಕೂತೆವು. ಅವರ ತೂಕ 78. ಮೂರು ತಿಂಗಳಿಗೆ ಚೆನ್ನಾಗಿ ನಡೆದರೆ ನಾಲ್ಕು, ತುಂಬಾ ಚೆನ್ನಾಗಿ ನಡೆದರೆ ಐದು. ಅವರ ಮುಖ ಸಣ್ಣದಾಯಿತು. ನಾಲ್ಕು ಕೆಜಿಗೆ ಸೊಂಟ ಎಷ್ಟು ಇಳಿದಿತ್ತು ಅಂತ ನನ್ನ ನೋಟ್‌ಬುಕ್ಕಿನ ಪುಟ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಮದುವೆ ಸೀರೆಯ ಜಂಪರನ್ನು ಈಗಲೇ ಹೊಲಿಯಲು ಕೊಡುವುದು ಬೇಡ, ಕೊನೆಯ ಎರಡು ವಾರ ಇರುವಾಗ ಅಳತೆ ಕೊಡೋಣ ಅಂತ ಮಾತಾಯಿತು. ದರ್ಜಿಗೆ ಅವತ್ತೇ ಸಂಜೆ ಫೋನ್ ಮಾಡಿ ತಾರೀಖು ಹಿಡಿದಿಟ್ಟರು.