ಶಾಂತಿಪಡೆ ಕಟ್ಟುವುದು ಹೇಗೆ? ಮೊದಲು ದುಡ್ಡಿನ ದಾರಿ ನೋಡಿ

ಕಾಲೇಜುಗಳ ಅಣಕು ವಿಶ್ವಸಂಸ್ಥೆ ಸ್ಪರ್ಧೆಗಳಿಗೆ (ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಚರ್ಚಿಸುವ ಆಟ) ತೀರ್ಪುಗಾರನಾಗಿ ಹೋಗುತ್ತಿರುತ್ತೇನೆ. ಮಕ್ಕಳು ಚೆನ್ನಾಗಿ ವಾದ ಮಾಡುತ್ತಾರೆ. ಆದರೆ ನಿರ್ಣಯದ ಕೊನೆಗೆ ಬಂದಾಗ ಹೆಚ್ಚುಕಡಿಮೆ ಎಲ್ಲ ತಂಡಗಳೂ ಬರೆಯುವುದು ಒಂದೇ: ‘20 ಸಾವಿರ ಸೈನಿಕರನ್ನು ಕಳಿಸತಕ್ಕದ್ದು. ಖರ್ಚನ್ನು ಇಷ್ಟವಿರುವ ದೇಶಗಳು ಕೊಡತಕ್ಕದ್ದು.’ ನಿಜವಾದ ಶಾಂತಿಪಡೆಗಳು ಕುಸಿದಿರುವುದೂ ಈ ಎರಡನೇ ವಾಕ್ಯದಲ್ಲೇ. ಹಾಗಾಗಿ ಇದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ನೋಡೋಣ. ಸುಡಾನಿನ ಪಶ್ಚಿಮ ಭಾಗದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಡಾರ್ಫರ್‌ಗೆ ಹೋದ ‘ಯುನಾಮಿಡ್’ ಪಡೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಿ. ವಿಶ್ವಸಂಸ್ಥೆ ಮತ್ತು ಆಫ್ರಿಕನ್ ಒಕ್ಕೂಟ ಸೇರಿ ನಡೆಸಿದ ಈ ಪಡೆಗೆ ಸುಮಾರು 26 ಸಾವಿರ ಸೈನಿಕರು ಮತ್ತು ಪೊಲೀಸರ ಮಂಜೂರಾತಿ ಇತ್ತು.

1. ಮಂಜೂರಾತಿ, ಒಪ್ಪಿಗೆ. ಭದ್ರತಾ ಮಂಡಳಿಯ ನಿರ್ಣಯ ಬೇಕು. ಡಾರ್ಫರ್‌ಗೆ ಅದು 2007ರ ಜುಲೈ 31ರಂದು ಸಿಕ್ಕಿತು. ಪಡೆ ಹೋಗುವ ದೇಶದ ಒಪ್ಪಿಗೆಯೂ ಬೇಕು. ಬರೀ ‘ಬನ್ನಿ’ ಅಂದರೆ ಸಾಲದು. ಸುಡಾನ್ ಪಡೆಗೆ ಒಪ್ಪಿತು, ಆದರೆ ಸ್ವೀಡನ್ ಮತ್ತು ನಾರ್ವೆಯ ಎಂಜಿನಿಯರುಗಳು ಬೇಡ ಎಂದಿತು. ಆ ತುಕಡಿ ಬರಲೇ ಇಲ್ಲ. ವೀಸಾ, ಬಂದರು, ಕಸ್ಟಮ್ಸ್, ವಿಮಾನ ಹಾರಾಟ, ಎಲ್ಲವನ್ನೂ ಮೊದಲೇ ಬರೆಸಿಕೊಳ್ಳಿ.

2. ಕೈಗೆ ತಕ್ಷಣದ ಹಣ. ಬಜೆಟ್ ಪಾಸಾಗುವ ಮೊದಲೇ 10 ಕೋಟಿ ಡಾಲರ್‌ವರೆಗೆ ಖರ್ಚಿನ ಬದ್ಧತೆ ಮಾಡಿಕೊಳ್ಳಲು ಮಹಾ ಕಾರ್ಯದರ್ಶಿಗೆ ದಾರಿಯಿದೆ. ವಿಶ್ವಸಂಸ್ಥೆಯ ಬಜೆಟ್ ಪರಿಶೀಲಿಸುವ ಸಲಹಾ ಸಮಿತಿ ಒಪ್ಪಬೇಕು ಅಷ್ಟೆ. ಇಟಲಿಯ ಬ್ರಿಂಡಿಸಿಯ ಗೋದಾಮಿನಲ್ಲಿ ತುರ್ತು ಸಾಮಾನು ಇರುತ್ತದೆ.

3. ಬಜೆಟ್. ವರ್ಷ ಜುಲೈ 1ರಿಂದ ಜೂನ್ 30. ಮೊದಲು ಸಲಹಾ ಸಮಿತಿ, ಆಮೇಲೆ ಸಾಮಾನ್ಯ ಸಭೆಯ ಹಣಕಾಸು ನೋಡುವ ಐದನೇ ಸಮಿತಿ, ಕೊನೆಗೆ ಸಾಮಾನ್ಯ ಸಭೆ ಅದನ್ನು ನೋಡಿ ಒಪ್ಪಬೇಕು.

4. ಪಾಲು ಹಂಚಿಕೆ. ಪ್ರತಿ ಸದಸ್ಯ ದೇಶವೂ ಕಡ್ಡಾಯವಾಗಿ ಕೊಡಬೇಕು. ಬಡ ದೇಶಗಳಿಗೆ ದೊಡ್ಡ ರಿಯಾಯಿತಿ. ಆ ಕೊರತೆಯನ್ನು ಭದ್ರತಾ ಮಂಡಳಿಯ ಐದು ಕಾಯಂ ದೇಶಗಳು ತುಂಬಬೇಕು. ಬಜೆಟ್ ಪಾಸಾದ ಕೂಡಲೇ ದುಡ್ಡು ಬಂದುಬಿಡುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಪಾಲು ಶೇ 26ಕ್ಕೂ ಜಾಸ್ತಿ. ಆದರೆ ಶೇ 25ಕ್ಕಿಂತ ಹೆಚ್ಚು ಕೊಡಕೂಡದು ಅಂತ ಅಲ್ಲಿ 1994ರಲ್ಲೇ ಕಾನೂನು ಮಾಡಿದ್ದಾರೆ. ವ್ಯತ್ಯಾಸದ ಹಣ ಬಾಕಿ ಬೆಳೆಯುತ್ತಾ ಹೋಗುತ್ತದೆ. ಬ್ಯಾಂಕಿನಲ್ಲಿ ಸಾಲ ಮಾಡಿ ಸಂಭಾಳಿಸಲು ವಿಶ್ವಸಂಸ್ಥೆಗೆ ಅಧಿಕಾರವಿಲ್ಲ. ಹಣವಿಲ್ಲದೆ 2025ರ ಅಕ್ಟೋಬರಿನಲ್ಲಿ ಒಂಬತ್ತು ಕಡೆಗಳ ಶಾಂತಿಪಡೆಗಳಲ್ಲಿ ಸುಮಾರು ಕಾಲು ಭಾಗವನ್ನು ವಾಪಸ್ ಕರೆಸುವ ತೀರ್ಮಾನವಾಯಿತು.

ಇಲ್ಲೊಂದು ಅಡ್ಡದಾರಿ ಎಲ್ಲರನ್ನೂ ಸೆಳೆಯುತ್ತದೆ: ದೇಣಿಗೆ. ದಯವಿಟ್ಟು ಬೇಡ. ಸೈಪ್ರಸ್ ಪಡೆಯನ್ನು 1964ರಲ್ಲಿ ಮೂರು ತಿಂಗಳಿಗೆ ಅಂತ ದೇಣಿಗೆಯ ಮೇಲೆ ಶುರು ಮಾಡಿದರು. ಆ ವರ್ಷ ಅದರ ಕಮಾಂಡರ್ ಆಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965ರ ಡಿಸೆಂಬರಿನಲ್ಲಿ ಅವರು ಅಲ್ಲೇ ತೀರಿಕೊಂಡರು. ಪಡೆ ಇವತ್ತಿಗೂ ಅಲ್ಲೇ ಇದೆ. ದೇಣಿಗೆ ಸಾಲದೆ, ಸೈನಿಕರನ್ನು ಕಳಿಸಿದ ದೇಶಗಳೇ ವರ್ಷಗಟ್ಟಲೆ ನಷ್ಟ ಹೊತ್ತವು. ಆ ಪಡೆಗೆ ಕಡ್ಡಾಯ ಪಾಲಿನ ಪದ್ಧತಿ ಬಂದದ್ದು 1993ರಲ್ಲಿ. ಹೈಟಿಗೆ 2023ರಲ್ಲಿ ಒಪ್ಪಿಗೆ ಪಡೆದ, ಕೀನ್ಯಾ ಮುಂದಾಳತ್ವದ ಪಡೆಯೂ ದೇಣಿಗೆಯನ್ನೇ ನಂಬಿತ್ತು. 2,500 ಜನ ಬೇಕಿದ್ದಲ್ಲಿ ಸಾವಿರದ ಆಸುಪಾಸಿಗೇ ನಿಂತಿತು.

5. ಸೈನಿಕರ ಮತ್ತು ಸಾಮಾನಿನ ಒಪ್ಪಂದ. ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಜನರನ್ನೂ ವಾಹನಗಳನ್ನೂ ದೇಶಗಳಿಂದ ಪಡೆಯಬೇಕು. ಯಾವ ದೇಶದ ಸೈನಿಕನಾದರೂ ತಲೆಗೆ ಒಂದೇ ದರ. 2022ರಲ್ಲಿ ಅದನ್ನು ತಿಂಗಳಿಗೆ 1,448 ಡಾಲರ್ ಮಾಡಿದರು. ಆ ಹಣ ಹೋಗುವುದು ಸೈನಿಕನ ಕೈಗಲ್ಲ, ಅವನ ಸರ್ಕಾರಕ್ಕೆ. ಅವನಿಗೆ ಸಂಬಳ ಕೊಡುವುದು ಅವನ ದೇಶವೇ.

ಸಾಮಾನಿಗೆ ಎರಡು ಬಗೆಯ ಬಾಡಿಗೆ ಇದೆ. ವೆಟ್ ಲೀಸ್ ಅಂದರೆ ವಾಹನದ ಜೊತೆ ಬಿಡಿಭಾಗ, ಮೆಕ್ಯಾನಿಕ್, ರಿಪೇರಿ ಎಲ್ಲ ಕೊಡುವ ದೇಶದ್ದೇ. ಡ್ರೈ ಲೀಸ್‌ನಲ್ಲಿ ವಾಹನ ಅವರದು, ರಿಪೇರಿ ನಿಮ್ಮದು. ಡ್ರೈ ಲೀಸ್ ಅಗ್ಗವಾಗಿ ಕಾಣುತ್ತದೆ. ನಾನಂತೂ ಬೇಡ ಅಂತಲೇ ಹೇಳುತ್ತೇನೆ. ಹತ್ತು ದೇಶಗಳ ಹತ್ತು ಮಾದರಿಯ ಟ್ರಕ್ಕುಗಳಿಗೆ ನೀವು ಬಿಡಿಭಾಗ ಹುಡುಕಬೇಕು. ಡಾರ್ಫರ್‌ನಲ್ಲಾದರೆ ಅದು ಪೋರ್ಟ್ ಸುಡಾನ್ ಬಂದರಿನಿಂದ ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ರಸ್ತೆಯಲ್ಲಿ ಬರಬೇಕು. ಮಳೆಗಾಲದಲ್ಲಿ ಆ ರಸ್ತೆಯೂ ಇಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ದೇಶಕ್ಕೇ ಹೋಗಿ, ಪ್ರತಿ ವಾಹನವನ್ನೂ ಸ್ಟಾರ್ಟ್ ಮಾಡಿಸಿ ನೋಡಿ. ಫೋಟೊ ನಂಬಬೇಡಿ. ಮೈದಾನಕ್ಕೆ ಬಂದ ಮೇಲೂ ತಪಾಸಣೆ ನಿಲ್ಲಬಾರದು. ಓಡುವ ಸ್ಥಿತಿಯ ವಾಹನಗಳು ಶೇ 90ಕ್ಕಿಂತ ಕಡಿಮೆಯಾದರೆ ಬಾಡಿಗೆ ಕಡಿತವಾಗುತ್ತದೆ. ಆ ನಿಯಮವನ್ನು ಸಡಿಲ ಬಿಡಬೇಡಿ. ಬಾಂಬು ಹುಗಿದ ರಸ್ತೆಯಿರುವ ಕಡೆ ಮಾಮೂಲಿ ಜೀಪನ್ನು ಒಪ್ಪಿಕೊಳ್ಳಲೇಬೇಡಿ. ಆಫ್ರಿಕಾದ ಮಾಲಿ ದೇಶದಲ್ಲಿ ಅದಕ್ಕೆ ಜೀವಗಳೇ ಹೋಗಿವೆ. ಟೆಂಟುಗಳೂ ಅಷ್ಟೆ: ಆರು ತಿಂಗಳಾದ ಮೇಲೆ ಗಟ್ಟಿ ಗೋಡೆಯ ವಸತಿ ಕೊಡುವುದು ವಿಶ್ವಸಂಸ್ಥೆಯ ಹೊಣೆ. ಅದನ್ನು ಮೊದಲ ದಿನದಿಂದಲೇ ಬಜೆಟ್ಟಿಗೆ ಹಾಕಿ.

ಹೆಲಿಕಾಪ್ಟರ್ ಸಿಗುವುದು ಖಾತ್ರಿಯಾಗದೆ ಸೈನಿಕರ ದಿನಾಂಕ ಗೊತ್ತುಮಾಡಬೇಡಿ. ಡಾರ್ಫರ್‌ಗೆ 24 ಹೆಲಿಕಾಪ್ಟರ್ ಕೇಳಿದ್ದರು. ದೇಶಗಳು ಮುಂದೆ ಬರಲಿಲ್ಲ. 2010ರಲ್ಲಿ ಇಥಿಯೋಪಿಯಾ ಐದನ್ನು ಕಳಿಸಿತು. ಮೊದಲಿದ್ದ ಆಫ್ರಿಕನ್ ಪಡೆಯ ಸಾವಿರಾರು ಜನ ಹೆಲ್ಮೆಟ್ಟಿನ ಬಣ್ಣ ಬದಲಿಸಿ ಹೊಸ ಪಡೆಯಾದರು, ಆದರೆ ಸಾಮಾನು ಮಾತ್ರ ಹಳೆಯದೇ ಉಳಿಯಿತು.

ನಾಲ್ಕನೇ ಹಂತ ಕೆಟ್ಟರೆ ಪೆಟ್ಟು ಬೀಳುವುದೂ ಇಲ್ಲೇ. ಪಾಲು ತಡವಾದರೆ ಸೈನಿಕರನ್ನು ಕಳಿಸಿದ ದೇಶಕ್ಕೆ ಬಾಡಿಗೆ ತಡ. ಅದು ಬಿಡಿಭಾಗ ಕಳಿಸುವುದನ್ನು ನಿಲ್ಲಿಸುತ್ತದೆ. ಟ್ರಕ್ಕು ನಿಲ್ಲುತ್ತದೆ, ಗಸ್ತು ನಿಲ್ಲುತ್ತದೆ. ಡಾರ್ಫರ್‌ನ ನಿರಾಶ್ರಿತರ ಶಿಬಿರಗಳಿಂದ ಸೌದೆ ತರಲು ಹೊರಗೆ ಹೋಗುವ ಹೆಂಗಸರ ಮೇಲೆ ಅತ್ಯಾಚಾರ ನಡೆಯುತ್ತಿತ್ತು. ಗಸ್ತು ಬೇಕಿದ್ದದ್ದೇ ಅವರ ಜೊತೆ ಹೋಗಲು. ನ್ಯೂಯಾರ್ಕಿನಲ್ಲಿ ಬಾಕಿ ಉಳಿದ ಹಣದ ಬೆಲೆ ತೆರುವವರು ಆ ಹೆಂಗಸರು.

6. ದಿನನಿತ್ಯದ ಆಡಳಿತ. ಮೇಲೆ ಒಬ್ಬ ನಾಗರಿಕ ಮುಖ್ಯಸ್ಥ, ಅವರ ಕೆಳಗೆ ಪಡೆಯ ಕಮಾಂಡರ್, ಪೊಲೀಸ್ ಮುಖ್ಯಸ್ಥ. ಆದೇಶ ಬಂದಾಗ ತುಕಡಿಗಳು ತಮ್ಮ ರಾಜಧಾನಿಗೆ ಫೋನ್ ಮಾಡಿ ಕೇಳುವ ಅಭ್ಯಾಸವಿದೆ. ಯಾವ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಪ್ರತಿ ದೇಶದಿಂದಲೂ ಮೊದಲೇ ಬರಹದಲ್ಲಿ ಪಡೆಯಿರಿ.

7. ಮುಚ್ಚುವುದು. ಇದಕ್ಕೆ ಹಣ ಎತ್ತಿಡುವವರು ಕಡಿಮೆ. ಯುನಾಮಿಡ್ ಕೆಲಸ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಕ್ಕೂ ಮೊದಲೇ, 2019ರ ಮೇ ತಿಂಗಳಲ್ಲಿ, ಡಾರ್ಫರ್‌ನ ಎಲ್ ಜೆನೀನಾ ಪಟ್ಟಣದಲ್ಲಿ ಬಿಟ್ಟುಕೊಡಬೇಕಿದ್ದ ಶಿಬಿರ ಲೂಟಿಯಾಗಿತ್ತು. ಕೊನೆಯ ಸೈನಿಕ ಹೊರಟ ಮೇಲೂ ಶಿಬಿರ ಕಾಯಲು ಜನ, ವಾಹನ ಸಾಗಿಸಲು ಹಡಗು, ಸ್ಥಳೀಯ ನೌಕರರ ಬಾಕಿ, ಇವಕ್ಕೆಲ್ಲ ಬಜೆಟ್ಟಿನಲ್ಲಿ ಬೇರೆಯೇ ಮೊತ್ತ ತೋರಿಸಿ.