ಫಾರಿನ್ ಫೀಲ್ಡ್ ವರ್ಕ್: ದೇಶ ಆಮೇಲೆ, ಮೊದಲು ಸೂಪರ್‌ವೈಸರ್ ಯಾರು ಹೇಳಿ

ಸಮಾಜಕಾರ್ಯ ಓದುವ ಹುಡುಗರು ಬೇರೆ ದೇಶದಲ್ಲಿ ಫೀಲ್ಡ್ ವರ್ಕ್, ಅಂದರೆ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಾ ಕಲಿಯುವ ತರಬೇತಿ, ಮಾಡ್ತೀವಿ ಅಂತ ಬಂದರೆ ಮಾತೆಲ್ಲ ವೀಸಾ, ಖರ್ಚು, ಯಾವ ದೇಶ ಅನ್ನುವುದರ ಸುತ್ತಲೇ ತಿರುಗುತ್ತದೆ. ಈ ಕೆಲಸ ನೋಡಿಕೊಳ್ಳುವ ನಾನು ಮೊದಲು ಕೇಳುವುದು ಬೇರೆ. ಅಲ್ಲಿ ವಾರಕ್ಕೊಮ್ಮೆ ಇವರ ಜೊತೆ ಕೂತು ರಿಪೋರ್ಟ್ ಓದುವವರು ಯಾರು? ಸಂಸ್ಥೆಯ ಹೆಸರು ಬೇಡ, ಮನುಷ್ಯರ ಹೆಸರು ಬೇಕು. ಅದು ಸಿಗುವ ತನಕ ಕಾಗದ ಮುಂದೆ ಹೋಗುವುದಿಲ್ಲ.

ಆಮೇಲೆ ಫೀಲ್ಡ್ ವರ್ಕ್ ಎಷ್ಟು ಗಂಟೆ ಆಗಬೇಕು ಅನ್ನುವ ಲೆಕ್ಕ. ಅಮೆರಿಕದಲ್ಲಿ ಪದವಿಗೆ ಕನಿಷ್ಠ 400 ಗಂಟೆ, ಎಂ.ಎಸ್.ಡಬ್ಲ್ಯೂಗೆ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) 900. ಆಸ್ಟ್ರೇಲಿಯಾದಲ್ಲಿ 1000. ಇಂಗ್ಲೆಂಡಿನಲ್ಲಿ ದಿನದ ಲೆಕ್ಕ, 200 ದಿನ. ಓರಿಯೆಂಟೇಶನ್, ಭಾಷೆ ಕಲಿತದ್ದು, ಹಳ್ಳಿಗೆ ಹೋಗಿಬರುವ ಸಮಯ ಇದರಲ್ಲಿ ಸೇರುತ್ತದೋ ಇಲ್ಲವೋ ಅಂತ ಎರಡೂ ಕಡೆಯವರು ಮೊದಲೇ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಗಂಟೆ ತುಂಬಿಸುವುದಕ್ಕೇ ವಿದ್ಯಾರ್ಥಿ ಕೊನೆಯ ವಾರಗಳಲ್ಲಿ ಸುಮ್ನೆ ಆಫೀಸಿನಲ್ಲಿ ಕೂತಿರುತ್ತಾನೆ.

ನನ್ನ ಜಾಸ್ತಿ ಸಮಯ ಹೋಗುವುದು ರಿಪೋರ್ಟ್ ಮೇಲೆ. ಮನೆ ಭೇಟಿಗೆ ಹೋಗಿಬಂದ ವಿದ್ಯಾರ್ಥಿನಿಯೊಬ್ಬಳು 'ತಾಯಿಗೆ ಮಗುವಿನ ಶಾಲೆ ಬಗ್ಗೆ ಆಸಕ್ತಿ ಇಲ್ಲ' ಅಂತ ಬರೆದಿದ್ದಳು. ಏನು ನೋಡಿದೆ ಅಂತ ಕೇಳಿದೆ. ತಾಯಿ ತಲೆ ಎತ್ತಿ ನೋಡಲಿಲ್ಲ, ಉತ್ತರವನ್ನೆಲ್ಲ ಅತ್ತೆಯೇ ಕೊಟ್ಟರು, ಅಷ್ಟೇ. ಪುಟಕ್ಕೆ ಎರಡು ಗೆರೆ ಎಳೆಸಿದೆ: ಕಂಡದ್ದು ಕೇಳಿದ್ದು ಒಂದು ಕಡೆ, ನನಗನ್ನಿಸಿದ್ದು ಇನ್ನೊಂದು ಕಡೆ, ಹಾಗೆ ಯಾಕನ್ನಿಸಿತು ಅನ್ನುವುದು ಮೂರನೇ ಕಡೆ. ಮೊದಲ ಭಾಗದಲ್ಲಿ ಎರಡೇ ಸಾಲು ಉಳಿಯಿತು! ಮುಂದಿನ ಭೇಟಿಯಲ್ಲಿ ಅವಳು ಅಲ್ಲಿನ ಕಾರ್ಯಕರ್ತೆಯ ಜೊತೆ ಹೋಗಿ, ಅತ್ತೆ ಇಲ್ಲದ ಹೊತ್ತಿನಲ್ಲಿ ಸುಮ್ಮನೆ ಕೂತು ಕೇಳಿಸಿಕೊಂಡಳು. ತಾಯಿಗೆ ಹೇಳಲು ಬೇಕಾದಷ್ಟಿತ್ತು.

2014ರಲ್ಲಿ ಒಪ್ಪಿದ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆಯಲ್ಲಿ ಸ್ಥಳೀಯ ಜನರ ಜ್ಞಾನಕ್ಕೂ ಜಾಗ ಇದೆ. ಪರೀಕ್ಷೆಯಲ್ಲಿ ಎಲ್ಲರೂ ಅದನ್ನು ಚೆನ್ನಾಗಿ ಬರೆಯುತ್ತಾರೆ, ರಿಪೋರ್ಟಿನಲ್ಲಿ ಮಾತ್ರ ಅದು ಕಾಣುವುದು ಅಪರೂಪ. ಹಾಗಾಗಿ ಮೊದಲ ಕೆಲವು ವಾರ ನಾನು ಯಾರಿಗೂ ಸ್ವತಂತ್ರವಾಗಿ ಕೇಸ್ ಕೊಡಿಸುವುದಿಲ್ಲ. ಹುಡುಗರಿಗೆ ಬೇಜಾರಾಗುತ್ತದೆ, ಆಗಲಿ.

ಇನ್ನೊಂದು ವಿಷಯದಲ್ಲಿ ನಾನು ಹಟಮಾರಿ. ಕೆಲವೇ ವಾರಕ್ಕೆ ಬಂದು ಹೋಗುವವರನ್ನು ಮಕ್ಕಳ ವಸತಿ ಕೇಂದ್ರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಾಕಿಸುವುದಿಲ್ಲ. ಬಿಟ್ಟುಹೋದವರನ್ನು ಆ ಮಕ್ಕಳು ಮೊದಲೇ ಸಾಕಷ್ಟು ಕಂಡಿರುತ್ತಾರೆ, ಹಚ್ಚಿಕೊಂಡ ಮೇಲೆ ಇವರೂ ಹೊರಟುಬಿಟ್ಟರೆ ಆ ಮಕ್ಕಳ ಗತಿ ಏನು? ಅಲ್ಲಿನ ಸಿಬ್ಬಂದಿಗೆ ನೆರವಾಗುವ ಕೆಲಸ ಬೇಕಾದಷ್ಟಿರುತ್ತದೆ: ಕಡತ ಸರಿಮಾಡುವುದು, ತರಬೇತಿಗೆ ಸಾಮಗ್ರಿ ಸಿದ್ಧಪಡಿಸುವುದು. ಮಕ್ಕಳ ಜೊತೆ ಫೋಟೋ ತೆಗೆದು ಹಾಕುವಂತಿಲ್ಲ ಅನ್ನುವುದನ್ನು ಹೊರಡುವ ಮೊದಲೇ ಬರೆಸಿಕೊಳ್ಳುತ್ತೇನೆ.

ಆತಿಥೇಯ ಸಂಸ್ಥೆಯವರ ಕಷ್ಟವನ್ನೂ ಹೇಳಬೇಕು. ದುಭಾಷಿ ಕೆಲಸಕ್ಕೆ ಅವರದೇ ಸಿಬ್ಬಂದಿ, ಮನೆ ಹುಡುಕಲು ಅವರೇ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯಲೂ ಅವರೇ. ಕಳಿಸಿದ ಕಡೆಯಿಂದ ಕೊನೆಗೆ ಬರುವುದು ಒಂದು ಸರ್ಟಿಫಿಕೇಟ್. ಇದು ನ್ಯಾಯ ಅಲ್ಲ, ಅಲ್ವಾ? ಈಗ ನಾನು ಮಾಡಿಸುವ ಒಪ್ಪಂದದಲ್ಲಿ ಅಲ್ಲಿನ ಸೂಪರ್‌ವೈಸರ್‌ಗೆ ಗೌರವಧನ, ನಮ್ಮ ಲೈಬ್ರರಿ ಬಳಸುವ ಅವಕಾಶ, ನಮ್ಮ ತರಗತಿಗೆ ಆನ್‌ಲೈನಲ್ಲಿ ಪಾಠ ಮಾಡುವ ಅವಕಾಶ ಇವೆಲ್ಲ ಇರುತ್ತವೆ. ವಿದ್ಯಾರ್ಥಿಗೆ ಅವರು ಅಂಕ ಕೊಟ್ಟ ಹಾಗೆ ನಮ್ಮ ವಿಭಾಗಕ್ಕೂ ಕೊಡಬೇಕು ಅಂತ ಒಂದು ಫಾರಂ ಸೇರಿಸಿದ್ದೇನೆ. ಅದರಲ್ಲಿ ಬರುವ ಕಾಮೆಂಟುಗಳು ಕೆಲವೊಮ್ಮೆ ಖಾರವಾಗಿಯೇ ಇರುತ್ತವೆ, ವಿಭಾಗದ ಮೀಟಿಂಗಿನಲ್ಲಿ ಅವನ್ನು ಹಾಗೇ ಓದುತ್ತೇನೆ.